ಫ್ಯಾಕ್ಸ್ ಕಳುಹಿಸಿ ಆಟ ಬಿಟ್ಟ ಬ್ಯಾರಿ ಸ್ಯಾಂಡರ್ಸ್: ತಿಳಿದವರು ಹೇಳಿ

ಮಧ್ಯಗೆರೆ ಬರೆದದ್ದು:

ನಾನು ಕಬಡ್ಡಿ ಆಡಿ ಬೆಳೆದವನು. ತಾಲ್ಲೂಕು ಮಟ್ಟ ದಾಟಲಿಲ್ಲ, ಆ ಮಾತು ಬೇರೆ. ಅಮೆರಿಕನ್ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಗುಡ್ಡೆ ಬೀಳುವ ಆಟ ಎಂದಷ್ಟೇ ತಿಳಿದುಕೊಂಡಿದ್ದೆ. ಮೊನ್ನೆ ರಾತ್ರಿ ನಿದ್ರೆ ಬಾರದೆ ಮೊಬೈಲ್ ನೋಡುತ್ತಿದ್ದಾಗ ಬ್ಯಾರಿ ಸ್ಯಾಂಡರ್ಸ್ ಎಂಬುವರ ಹಳೆಯ ಓಟಗಳ ತುಣುಕುಗಳು ಕಣ್ಣಿಗೆ ಬಿದ್ದವು. ಒಂದೂವರೆ ಗಂಟೆ ಹೋದದ್ದೇ ತಿಳಿಯಲಿಲ್ಲ. ನಾಲ್ವರು ಸುತ್ತುವರಿದಿದ್ದಾರೆ, ಒಬ್ಬನ ಕೈ ಸೊಂಟಕ್ಕೆ ಬಿದ್ದಾಗಿದೆ, ಇನ್ನೇನು ಸಿಕ್ಕಿಬಿದ್ದರು ಎನ್ನುವಷ್ಟರಲ್ಲಿ ಮನುಷ್ಯ ಅಲ್ಲಿಲ್ಲ! ನಮ್ಮ ಒಳ್ಳೆಯ ರೈಡರ್‌ಗಳಿಗೆ ಇರುವ ವಿದ್ಯೆಯೇ ಇದು. ಆದರೆ ಇಲ್ಲಿ ಹಿಡಿಯಲು ಬರುವವರಲ್ಲಿ ಕೆಲವರು ನೂರಿಪ್ಪತ್ತು ಕಿಲೋ ತೂಗುತ್ತಾರೆ, ಬರಿಗೈಯಲ್ಲಿ ಹಿಡಿಯುವುದಿಲ್ಲ, ಮೈಯನ್ನೇ ತಂದು ಗುದ್ದುತ್ತಾರೆ.

ಆಮೇಲೆ ಸ್ವಲ್ಪ ಓದಿದೆ. 1999ರಲ್ಲಿ, ಚೆಂಡು ಹೊತ್ತು ಓಡಿದ ಒಟ್ಟು ದೂರದಲ್ಲಿ ಹಿಂದಿನ ಓಟಗಾರ ವಾಲ್ಟರ್ ಪೇಟನ್ ಅವರ 16,726 ಗಜಗಳ ದಾಖಲೆಗೆ 1,457 ಗಜ ಉಳಿದಿದ್ದಾಗ, ಗಾಯವೂ ಇಲ್ಲದೆ, ಒಂದು ಫ್ಯಾಕ್ಸ್ ಕಳುಹಿಸಿ ಆಟ ಬಿಟ್ಟರಂತೆ. ವಯಸ್ಸು 31. ಇದು ನನ್ನ ತಲೆಗೆ ಹೋಗುತ್ತಿಲ್ಲ. ಇಷ್ಟು ಚೆನ್ನಾಗಿ ಆಡುವವರಿಗೆ ಆಟ ಬೇಡವಾಗುವುದು ಹೇಗೆ?

ಟ್ರಾಯ್ ನಿವಾಸಿ ಬರೆದದ್ದು:

ಮಧ್ಯಗೆರೆಯವರೇ, ಹಳೆಯ ಗಾಯ ಕೆದಕಿದಿರಿ. ನಾನು ಮೋಟಾರು ಬಿಡಿಭಾಗಗಳ ಕಂಪನಿಯೊಂದರ ಕೆಲಸಕ್ಕೆಂದು ಡೆಟ್ರಾಯಿಟ್ ಪಕ್ಕದ ಈ ಊರಿಗೆ ಬಂದದ್ದು 1991ರಲ್ಲಿ. ಅಲ್ಲಿಂದ ಎಂಟು ವರ್ಷ ನಮ್ಮ ಮನೆಯಲ್ಲಿ ಭಾನುವಾರದ ಊಟದ ಸಮಯವನ್ನು ನಿಗದಿ ಮಾಡಿದ್ದು ಡೆಟ್ರಾಯಿಟ್ ಲಯನ್ಸ್ ತಂಡ. ಬ್ಯಾರಿಯನ್ನು ಏಕವಚನದಲ್ಲಿ ಕರೆಯುತ್ತೇನೆ, ಕ್ಷಮಿಸಿ. ಅವನನ್ನು ಮನೆಯ ಹುಡುಗನ ಹಾಗೆ ನೋಡಿದವರು ನಾವು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಚೆಂಡನ್ನು ಕ್ವಾರ್ಟರ್‌ಬ್ಯಾಕ್ ಎಸೆಯಬಹುದು, ಇಲ್ಲವೇ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಅವನು ಅದನ್ನು ಹೊಟ್ಟೆಗೆ ಅವುಚಿಕೊಂಡು ನುಗ್ಗಬೇಕು. ಮುಂದೆ ಐವರು ಲೈನ್‌ಮನ್‌ಗಳು ಎದುರಾಳಿಗಳನ್ನು ತಳ್ಳಿ ಸಂದು ಮಾಡಿಕೊಡುತ್ತಾರೆ. ಸಂದು ಕಂಡ ಕ್ಷಣ ತಲೆ ತಗ್ಗಿಸಿ ನುಗ್ಗಿ ನಾಲ್ಕು ಗಜ ತಂದುಕೊಡುವವನೇ ಒಳ್ಳೆಯ ರನ್ನಿಂಗ್ ಬ್ಯಾಕ್ ಎಂಬುದು ಪಾಠ. ಬ್ಯಾರಿ ಈ ಪಾಠವನ್ನು ಕೇಳಿದವನಲ್ಲ. ಸಂದು ಇಲ್ಲದಿದ್ದರೆ ಹಿಂದಕ್ಕೆ ಓಡುತ್ತಿದ್ದ, ಅಡ್ಡಕ್ಕೆ ಓಡುತ್ತಿದ್ದ, ಇಡೀ ಮೈದಾನದ ಅಗಲ ಅಳೆದು ಇನ್ನೊಂದು ತುದಿಯಿಂದ ಹೊರಬರುತ್ತಿದ್ದ. ಕೆಲವೊಮ್ಮೆ ಐದು ಗಜ ನಷ್ಟ, ಕೆಲವೊಮ್ಮೆ ಎಂಬತ್ತು ಗಜ ಲಾಭ.

ಎತ್ತರ 5 ಅಡಿ 8 ಅಂಗುಲ ಅಷ್ಟೇ. ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಹನ್ನೊಂದು ಮಕ್ಕಳ ಮನೆ. ತಂದೆ ವಿಲಿಯಂ ಸ್ಯಾಂಡರ್ಸ್ ಚಾವಣಿ ಹಾಕುವ, ಮರಗೆಲಸ ಮಾಡುವ ಮನುಷ್ಯ. ಶಾಲೆಯಲ್ಲಿ ಕೊನೆಯ ವರ್ಷದ ಮಧ್ಯದವರೆಗೆ ಇವನಿಗೆ ಮುಖ್ಯ ಓಟಗಾರನ ಸ್ಥಾನವೇ ಸಿಗಲಿಲ್ಲ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿ ಥರ್ಮನ್ ಥಾಮಸ್ ಎಂಬ ಇನ್ನೊಬ್ಬ ದಿಗ್ಗಜನ ಹಿಂದೆ ಎರಡು ವರ್ಷ ಕಾಯಬೇಕಾಯಿತು. ಥಾಮಸ್ ಹೊರಟ ಮೇಲೆ, 1988ರಲ್ಲಿ, ಹನ್ನೊಂದೇ ಪಂದ್ಯಗಳಲ್ಲಿ 2,628 ಗಜ. ಕಾಲೇಜು ಆಟದ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಕಾಲೇಜು ಆಟದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಇವನಿಗೆ ಎಂದು ಘೋಷಣೆಯಾದಾಗ ಹುಡುಗ ನ್ಯೂಯಾರ್ಕಿನ ಸಮಾರಂಭದಲ್ಲಿ ಇರಲಿಲ್ಲ, ಪಂದ್ಯವಾಡಲು ಟೋಕಿಯೊಗೆ ಹೋಗಿದ್ದ. ಮರುವರ್ಷ, ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಲಯನ್ಸ್ ತಂಡಕ್ಕೆ ಬಂದ.

ಮೊದಲನೆಯ ವರ್ಷದ್ದೇ ಒಂದು ಪ್ರಸಂಗ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. 1989ರ ಕೊನೆಯ ಪಂದ್ಯ, ಗೆಲುವು ಖಚಿತವಾಗಿದೆ. ಇನ್ನು ಹತ್ತು ಗಜ ಓಡಿದರೆ ಕ್ಯಾನ್ಸಸ್ ಸಿಟಿಯ ಕ್ರಿಸ್ಚಿಯನ್ ಒಕೊಯೆ ಅವರ 1,480 ಗಜಗಳನ್ನು ಮುಟ್ಟುತ್ತಾನೆ, ಹನ್ನೊಂದಾದರೆ ಆ ವರ್ಷದ ಓಟದ ಕಿರೀಟ ಇವನೊಬ್ಬನದೇ. ತರಬೇತುದಾರ ವೇಯ್ನ್ ಫಾಂಟ್ಸ್ ಒಳಗೆ ಹೋಗುತ್ತೀಯಾ ಎಂದು ಕೇಳಿದರು. ಬೇಡ, ಪಂದ್ಯ ಗೆದ್ದು ಮನೆಗೆ ಹೋಗೋಣ ಎಂದ. ಬೆಂಚಿನ ಮೇಲೆ ಕುಳಿತೇ ಇದ್ದ. 1,470ಕ್ಕೆ ನಿಂತಿತು.

ಕೊಸರು ಬರೆದದ್ದು:

1998ರಲ್ಲಿ ಪೇಶಾವರದಲ್ಲಿ ಮಾರ್ಕ್ ಟೇಲರ್ 334 ಬಾರಿಸಿ, ಬ್ರಾಡ್ಮನ್ ಅವರಿಗೆ ಸಮವಾಗಿ ನಿಂತು, ಮರುದಿನ ಬೆಳಿಗ್ಗೆ ಡಿಕ್ಲೇರ್ ಮಾಡಿದ್ದು ನೆನಪಾಯಿತು. ಅದಾಗಿ ನಾಲ್ಕು ತಿಂಗಳಿಗೆ ದೆಹಲಿಯಲ್ಲಿ ನಮ್ಮ ಕುಂಬ್ಳೆಗೆ ಹತ್ತನೆಯ ವಿಕೆಟ್ ಸಿಗಲೆಂದು ನಮ್ಮ ಶ್ರೀನಾಥ್ ಬೇಕೆಂದೇ ಆಚೆ ಆಚೆ ಬೌಲ್ ಮಾಡಿದ್ದೂ ನೆನಪಾಯಿತು. ಎರಡನ್ನೂ ನಾನು ಮೆಚ್ಚಿದವನೇ. ಏನು ಹೇಳಲಿ.

ಅಂಕಿಗ ಬರೆದದ್ದು:

ಟ್ರಾಯ್ ನಿವಾಸಿಗಳು ಭಾವುಕರಾಗಿದ್ದಾರೆ. ನಾನು ಲೆಕ್ಕದ ಪುಸ್ತಕ ತೆರೆಯುತ್ತೇನೆ.

ಹತ್ತು ವರ್ಷ, 153 ಪಂದ್ಯ, 3,062 ಓಟ, 15,269 ಗಜ. ಅಂದರೆ ಪ್ರತಿ ಓಟಕ್ಕೆ ಐದು ಗಜ. ಹತ್ತಕ್ಕೆ ಹತ್ತೂ ವರ್ಷ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಅತ್ಯುತ್ತಮರ ಪಂದ್ಯಕ್ಕೆ, ಆಯ್ಕೆ. ಯಾವ ವರ್ಷವೂ ಸಾವಿರ ಗಜಕ್ಕಿಂತ ಕೆಳಗೆ ಇಳಿಯಲಿಲ್ಲ. ನನಗೆ ಅತ್ಯಂತ ಇಷ್ಟವಾದ ಲೆಕ್ಕ 1997ರದು. ಮೊದಲ ಎರಡು ಪಂದ್ಯ ಸೇರಿ 53 ಗಜ, ಪತ್ರಿಕೆಗಳು ಮುಗಿಯಿತು ಎಂದು ಬರೆಯಲು ಪೆನ್ನು ತೆಗೆಯುವಷ್ಟು ಕೆಟ್ಟ ಆರಂಭ. ಉಳಿದ ಹದಿನಾಲ್ಕು ಪಂದ್ಯಗಳಲ್ಲಿ, ಒಂದರಲ್ಲೂ ನೂರಕ್ಕೆ ಕಡಿಮೆಯಾಗದಂತೆ, ಸರಿಯಾಗಿ 2,000 ಗಜ. ಒಟ್ಟು 2,053. ಅಲ್ಲಿಯವರೆಗೆ ಒಂದು ಋತುವಿನಲ್ಲಿ ಎರಡು ಸಾವಿರ ದಾಟಿದವರು ಓ. ಜೆ. ಸಿಂಪ್ಸನ್ ಮತ್ತು ಎರಿಕ್ ಡಿಕರ್ಸನ್ ಇಬ್ಬರೇ. ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಬ್ರೆಟ್ ಫಾರ್ವ್ ಜೊತೆ ಹಂಚಿಕೊಂಡರು.

ಈಗ ಇನ್ನೊಂದು ಪುಟ. ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತು: ಆರು ಪಂದ್ಯಗಳು, ಒಂದು ಗೆಲುವು, ಎದುರಾಳಿಯ ಕೊನೆಯ ಗೆರೆ ದಾಟಿ ಓಡಿ ಗಳಿಸಿದ ಟಚ್‌ಡೌನ್ ಒಂದು. 1994ರ ಕೊನೆಯ ದಿನ ಗ್ರೀನ್ ಬೇಯಲ್ಲಿ ಹದಿಮೂರು ಬಾರಿ ಚೆಂಡು ಹೊತ್ತು ಗಳಿಸಿದ್ದು ಮೈನಸ್ ಒಂದು ಗಜ. ಹೌದು, ಸೊನ್ನೆಗಿಂತ ಕಡಿಮೆ. ಇದ್ದ ಒಂದು ಗೆಲುವೂ, 1992ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧ 38-6ರದು, ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್ ಎರಿಕ್ ಕ್ರೇಮರ್ ಅವರ ಎಸೆತದಿಂದ ಬಂದದ್ದು. ಅದೇ ಕಾಲದ ಡಲ್ಲಾಸ್ ಓಟಗಾರ ಎಮಿಟ್ ಸ್ಮಿತ್ ಪ್ರತಿ ಓಟಕ್ಕೆ 4.2 ಗಜ ಗಳಿಸಿದರು, ಮೂರು ಸೂಪರ್ ಬೌಲ್ (ಋತುವಿನ ಅಂತಿಮ ಪಂದ್ಯ) ಗೆದ್ದರು, ಹದಿನೈದು ವರ್ಷ ಆಡಿ 18,355 ಗಜಕ್ಕೆ ಮುಟ್ಟಿದರು. ಪೇಟನ್ ದಾಖಲೆ ಕೊನೆಗೆ 2002ರಲ್ಲಿ ಮುರಿದದ್ದು ಅವರಿಂದ. ನನ್ನ ತಂಡಕ್ಕೆ ಯಾರು ಬೇಕು ಎಂದರೆ ನಾನು ಸ್ಮಿತ್ ಅವರನ್ನೇ ಆರಿಸುವೆ. ನೋಡಲು ಟಿಕೆಟ್ ಕೊಳ್ಳುವುದಾದರೆ ಬ್ಯಾರಿ.

ಟ್ರಾಯ್ ನಿವಾಸಿ ಬರೆದದ್ದು:

ಅಂಕಿಗರೇ, ಡಲ್ಲಾಸ್‌ನ ಲೈನ್‌ಮನ್‌ಗಳನ್ನು ಒಂದು ವಾರ ನಮಗೆ ಸಾಲ ಕೊಟ್ಟಿದ್ದರೆ ನಿಮ್ಮ ಲೆಕ್ಕದ ಪುಸ್ತಕವೇ ಸಾಕಾಗುತ್ತಿರಲಿಲ್ಲ.

ಒಗ್ಗರಣೆ ಬರೆದದ್ದು:

ಎಲ್ಲರೂ ಹೊಗಳುವ ಕಡೆ ನಾನು ಸ್ವಲ್ಪ ಸಾಸಿವೆ ಸಿಡಿಸುತ್ತೇನೆ.

ಈ ಮಹಾನುಭಾವರು 1997ರಲ್ಲಿ ಆರು ವರ್ಷದ ಕರಾರಿಗೆ ಸಹಿ ಹಾಕಿದರು. ಸಹಿಗೆಂದೇ 1.1 ಕೋಟಿ ಡಾಲರ್ ಮುಂಗಡ ಪಡೆದರು. ಎರಡು ವರ್ಷ ಆಡಿದರು. ಬಿಡುವ ಮನಸ್ಸು ಋತು ಮುಗಿದ ಸ್ವಲ್ಪ ದಿನಕ್ಕೇ ಆಗಿತ್ತು ಎಂದು ತಮ್ಮ ಪತ್ರದಲ್ಲೇ ಬರೆದರು. ಹಾಗಿದ್ದರೆ ಜನವರಿಯಲ್ಲಿ ಹೇಳಬಹುದಿತ್ತು. ಏಪ್ರಿಲ್ ಡ್ರಾಫ್ಟ್‌ನಲ್ಲಿ ತಂಡ ಇನ್ನೊಬ್ಬ ಓಟಗಾರನನ್ನು ಹುಡುಕಿಕೊಳ್ಳುತ್ತಿತ್ತು. ಇವರು ಜುಲೈ 27ರವರೆಗೆ, ತರಬೇತಿ ಶಿಬಿರ ಶುರುವಾಗುವ ಹೊಸ್ತಿಲವರೆಗೆ, ತುಟಿ ಬಿಚ್ಚಲಿಲ್ಲ. ಆಮೇಲೂ ಡೆಟ್ರಾಯಿಟ್ ಜನರ ಮುಂದೆ ನಿಂತು ಹೇಳಲಿಲ್ಲ. ಹುಟ್ಟೂರಿನ ಪತ್ರಿಕೆ ವಿಚಿಟಾ ಈಗಲ್‌ಗೆ ಫ್ಯಾಕ್ಸ್ ಕಳುಹಿಸಿ ಲಂಡನ್ ವಿಮಾನ ಹತ್ತಿದರು. ಮದುವೆಮನೆಯಲ್ಲಿ ಎಲೆ ಹಾಕಿದ ಮೇಲೆ ಅಡುಗೆಯವನು ಚೀಟಿ ಬರೆದಿಟ್ಟು ಹೋದರೆ ನಾವು ಅವನನ್ನು ವಿನಯವಂತ ಎನ್ನುತ್ತೇವೆಯೇ? ನಾಚಿಕೆ ಸ್ವಭಾವವನ್ನು ದೊಡ್ಡ ಗುಣವೆಂದು ಕೊಂಡಾಡುವ ಮುನ್ನ ಅದರಿಂದ ಯಾರಿಗೆ ಏನಾಯಿತು ಎಂದೂ ನೋಡಬೇಕು.

ಕೊಸರು ಬರೆದದ್ದು:

ಅಡುಗೆಯವನು ಹತ್ತು ವರ್ಷ ಒಬ್ಬನೇ ಅಡುಗೆ ಮಾಡಿದ್ದ ಎಂಬುದನ್ನೂ ಸೇರಿಸಿ.

ಕೀಲುನೋವು ಬರೆದದ್ದು:

ನಾನು ಫಿಸಿಯೊಥೆರಪಿಸ್ಟ್, ಮೈಸೂರಿನವಳು. ಈ ಆಟ ನೋಡುವುದಿಲ್ಲ, ಆದರೆ ಮಧ್ಯಗೆರೆ ಅಣ್ಣ ಹೇಳಿದ ತುಣುಕುಗಳನ್ನು ನೋಡಿದೆ. ಮೊಣಕಾಲು ನೋಡಿಯೇ ಎದೆ ಝಲ್ಲೆಂದಿತು. ಪೂರ್ಣ ವೇಗದಲ್ಲಿ ಬಂದು, ಒಂದೇ ಹೆಜ್ಜೆಯಲ್ಲಿ ನಿಂತು, ಪಕ್ಕಕ್ಕೆ ತಿರುಗುವಾಗ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ನಮ್ಮ ಕಬಡ್ಡಿ ಹುಡುಗರ ಮೊಣಕಾಲಿನ ಅಸ್ಥಿರಜ್ಜು ಹರಿಯುವುದು ಬಹುಪಾಲು ಇಂಥ ಗಳಿಗೆಯಲ್ಲೇ. ಇಷ್ಟು ಓಟಗಳಲ್ಲಿ ಈ ಮನುಷ್ಯ ಎಷ್ಟು ಪಂದ್ಯ ತಪ್ಪಿಸಿಕೊಂಡರು?

ಅಂಕಿಗ ಬರೆದದ್ದು:

ಹತ್ತು ವರ್ಷದಲ್ಲಿ ಏಳು. ಅದರಲ್ಲಿ ಐದು 1993ರಲ್ಲಿ, ಮೊಣಕಾಲಿನ ಪೆಟ್ಟಿಗೆ.

ಕೀಲುನೋವು ಬರೆದದ್ದು:

ಏಳೇ? ನಂಬುವುದು ಕಷ್ಟ. ನೇರ ಪೆಟ್ಟು ತಿನ್ನದಿರುವುದೇ ಕಾರಣವಿರಬೇಕು. ಹಿಡಿಯಲು ಬಂದವರ ಕೈಗೆ ಅಂಗಿಯ ತುದಿ, ತೋಳು, ಕಾಲು ಸಿಗುತ್ತದೆಯೇ ಹೊರತು ಎದೆ ಸಿಗುವುದು ಅಪರೂಪ. ತಲೆ ಕೊಟ್ಟು ನುಗ್ಗುವವರ ಗತಿ ಬೇರೆ. ಅರ್ಲ್ ಕ್ಯಾಂಪ್‌ಬೆಲ್ ಎಂಬ ಹಿರಿಯ ರನ್ನಿಂಗ್ ಬ್ಯಾಕ್ ಬಗ್ಗೆ ಓದಿದೆ. ಎದುರಿಗೆ ಬಂದವರನ್ನು ಉರುಳಿಸಿಕೊಂಡೇ ಹೋಗುತ್ತಿದ್ದವರು ಮಧ್ಯವಯಸ್ಸಿನಲ್ಲಿ ನಡೆಯಲು ಕಷ್ಟಪಟ್ಟು ಗಾಲಿಕುರ್ಚಿ ಹಿಡಿದರು. 31ಕ್ಕೆ ತನ್ನ ಕಾಲಿನ ಮೇಲೆ ನಡೆದುಕೊಂಡು ಮನೆಗೆ ಹೋದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಒಗ್ಗರಣೆಯವರೇ.

ಒಗ್ಗರಣೆ ಬರೆದದ್ದು:

ಹೋದದ್ದಕ್ಕೆ ಬೈಯಲಿಲ್ಲ ತಾಯಿ, ಹೋದ ರೀತಿಗೆ.

ಟ್ರಾಯ್ ನಿವಾಸಿ ಬರೆದದ್ದು:

ನಿನ್ನೆ ಎಲ್ಲರ ಮಾತು ಓದಿ ಉತ್ತರಿಸದೆ ಮಲಗಿದೆ. ಇವತ್ತು ಹಿಮ ತೆಗೆಯುತ್ತಾ ಯೋಚಿಸಿದೆ.

ಒಗ್ಗರಣೆಯವರ ಸಿಟ್ಟು ಇಲ್ಲಿ ಆಗ ಎಲ್ಲರಿಗೂ ಇತ್ತು. ನನ್ನ ಸಹೋದ್ಯೋಗಿಯೊಬ್ಬ, ಬ್ಯಾರಿಯ ಇಪ್ಪತ್ತನೆಯ ನಂಬರಿನ ಅಂಗಿಯನ್ನು ಗ್ಯಾರೇಜಿನಲ್ಲಿ ಎಣ್ಣೆ ಒರೆಸಲು ಇಟ್ಟುಕೊಂಡಿದ್ದ. ಮುಂಗಡದ ಪಾಲನ್ನು ತಂಡ ವಾಪಸು ಕೇಳಿತು, ಮಧ್ಯಸ್ಥರ ಬಳಿ ಹೋಯಿತು, ಅದನ್ನು ಕಂತುಗಳಲ್ಲಿ ಹಿಂದಿರುಗಿಸಬೇಕೆಂದು ತೀರ್ಪಾಯಿತು. ಬೇರೆ ತಂಡಕ್ಕೆ ಬಿಟ್ಟುಕೊಡಿ ಎಂದರೆ ಲಯನ್ಸ್ ಒಪ್ಪಲಿಲ್ಲ. ಬ್ಯಾರಿಯೂ ಹಿಂದಿರುಗಲಿಲ್ಲ. ಹಟದಲ್ಲಿ ಇಬ್ಬರೂ ಸಮ.

ಆದರೆ ಬಿಟ್ಟದ್ದು ಏಕೆ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 1991ರ ನವೆಂಬರ್‌ನಲ್ಲಿ, ನಾನು ಬಂದು ಕೆಲವೇ ತಿಂಗಳಾಗಿತ್ತು, ಮೈಕ್ ಅಟ್ಲಿ ಎಂಬ ಲೈನ್‌ಮನ್ ಬಿದ್ದವನು ಏಳಲಿಲ್ಲ. ಕತ್ತಿನ ಮೂಳೆ. ಹೊತ್ತೊಯ್ಯುವಾಗ ಹೆಬ್ಬೆರಳು ಎತ್ತಿ ತೋರಿಸಿದ. ಎದೆಯಿಂದ ಕೆಳಗೆ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎರಿಕ್ ಆಂಡೊಲ್ಸೆಕ್ ಎಂಬ ಇನ್ನೊಬ್ಬ ಲೈನ್‌ಮನ್, ಲೂಸಿಯಾನಾದ ತನ್ನ ಮನೆಯಂಗಳದಲ್ಲಿ ಇದ್ದಾಗ ರಸ್ತೆ ತಪ್ಪಿದ ಟ್ರಕ್ ಬಡಿದು ಸತ್ತ. ಬ್ಯಾರಿಗೆ ದಾರಿ ಮಾಡಿಕೊಡುತ್ತಿದ್ದ ಇಬ್ಬರು, ಒಂದು ವರ್ಷದೊಳಗೆ.

ಆಮೇಲೆ 1997ರ ಡಿಸೆಂಬರ್ 21. ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ ನಾನಿದ್ದೆ, ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಜನ ಬಂದಿದ್ದದ್ದು ಎರಡು ಸಾವಿರ ಗಜ ನೋಡಲು. ಪಂದ್ಯದ ನಡುವೆ ನಮ್ಮ ತಂಡದ ರೆಜಿ ಬ್ರೌನ್ ಎಂಬ, ಎದುರಾಳಿ ಓಟಗಾರರನ್ನು ಹಿಡಿಯುವ ಲೈನ್‌ಬ್ಯಾಕರ್ ಬಿದ್ದ, ಉಸಿರಾಡಲಿಲ್ಲ. ಮೈದಾನದಲ್ಲೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಆಟಗಾರರು ಮಂಡಿಯೂರಿದ್ದರು. ಎಂಬತ್ತು ಸಾವಿರ ಜನ ಹಿಡಿಸುವ ಮುಚ್ಚಿದ ಗುಮ್ಮಟದೊಳಗೆ ಒಬ್ಬರ ಕೆಮ್ಮೂ ಕೇಳಲಿಲ್ಲ. ಬ್ರೌನ್ ಬದುಕಿದ, ಮುಂದೆ ನಡೆಯಲೂ ನಡೆದ, ಆದರೆ ಆಡಲಿಲ್ಲ. ಅದೇ ಪಂದ್ಯದಲ್ಲಿ ಬ್ಯಾರಿ ಎರಡು ಸಾವಿರ ದಾಟಿದ. ಮಗಳು ಕಾರಿನಲ್ಲಿ ಕೇಳಿದ್ದು ಗಜಗಳ ಬಗ್ಗೆ ಅಲ್ಲ.

ನಾನು ಅವನ ಮನಸ್ಸಿನೊಳಗೆ ಹೋಗಿ ಬಂದವನಲ್ಲ. ಇವೇ ಕಾರಣ ಎಂದು ಅವನು ಹೇಳಿಲ್ಲ. ಪತ್ರದಲ್ಲಿ ಬರೆದದ್ದು ಇಷ್ಟೇ: ಆಟದಲ್ಲಿ ಉಳಿಯುವ ಆಸೆಗಿಂತ ಹೊರಗೆ ಹೋಗುವ ಆಸೆ ದೊಡ್ಡದು. ಆಮೇಲೆ ತನ್ನ ಆತ್ಮಕಥೆಯಲ್ಲಿ ಗೆಲ್ಲುವ ಹಂಬಲವೇ ಇಲ್ಲದ ಆಡಳಿತದ ಬಗ್ಗೆ ಬರೆದ. ಹತ್ತಿರದವರಾಗಿದ್ದ ಲೋಮಸ್ ಬ್ರೌನ್, ಕೆವಿನ್ ಗ್ಲೋವರ್ ಮೊದಲಾದ ಒಳ್ಳೆಯ ಲೈನ್‌ಮನ್‌ಗಳು ಒಬ್ಬೊಬ್ಬರೇ ತಂಡ ಬಿಟ್ಟು ಹೋದರು. 1998ರಲ್ಲಿ ಹದಿನಾರರಲ್ಲಿ ಐದು ಗೆಲುವು. ಕೊನೆಯ ಪಂದ್ಯ ಬಾಲ್ಟಿಮೋರ್‌ನಲ್ಲಿ, ಸೋಲು, 41 ಗಜ. ಅದು ಕೊನೆಯದೆಂದು ನೋಡುತ್ತಿದ್ದವರಿಗೆ ಗೊತ್ತಿರಲಿಲ್ಲ. ನಾನು ಅರ್ಧಕ್ಕೇ ಟಿವಿ ಆರಿಸಿ ದೋಸೆ ಹಿಟ್ಟು ರುಬ್ಬಲು ಎದ್ದು ಹೋಗಿದ್ದೆ, ಅದು ಈಗಲೂ ಚುಚ್ಚುತ್ತದೆ.

ಅಂಕಿಗ ಬರೆದದ್ದು:

ಒಂದು ಲೆಕ್ಕ ಸೇರಿಸಬಹುದೇ? ಪೇಟನ್ 1999ರ ಫೆಬ್ರವರಿಯಲ್ಲಿ ತಮಗೆ ಅಪರೂಪದ ಯಕೃತ್ತಿನ ಕಾಯಿಲೆ ಇದೆ ಎಂದು ಹೇಳಿದ್ದರು. ಅದೇ ವರ್ಷದ ನವೆಂಬರ್ 1ರಂದು ತೀರಿಕೊಂಡರು. ವಯಸ್ಸು 45. ಬ್ಯಾರಿ ಆಡಿದ್ದರೆ, ಎಂದಿನಂತೆ ಪಂದ್ಯಕ್ಕೆ ನೂರು ಗಜದ ಆಸುಪಾಸಿನಲ್ಲಿ ಓಡಿದ್ದರೆ, ಆ ದಾಖಲೆ ಮುರಿಯುತ್ತಿದ್ದದ್ದು ಡಿಸೆಂಬರ್‌ನಲ್ಲಿ. ಇಡೀ ದೇಶ ಪೇಟನ್ ಅವರಿಗಾಗಿ ಅತ್ತು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದ ಹೊತ್ತಿಗೆ. ಜುಲೈನಲ್ಲಿ ಅದು ಯಾರಿಗೂ ತಿಳಿದಿರಲು ಸಾಧ್ಯವಿಲ್ಲ, ಆದ್ದರಿಂದ ಇದರಿಂದ ಏನೂ ಸಾಬೀತಾಗುವುದಿಲ್ಲ. ಹತ್ತು ಗಜ ಬೇಡವೆಂದು ಬೆಂಚಿನ ಮೇಲೆ ಕುಳಿತ ಮನುಷ್ಯ ಆ ಡಿಸೆಂಬರನ್ನು ಹೇಗೆ ಸಹಿಸುತ್ತಿದ್ದರು ಎಂದು ಮಾತ್ರ ಯೋಚನೆ ಬರುತ್ತದೆ.

ಮಧ್ಯಗೆರೆ ಬರೆದದ್ದು:

ತಂದೆಯ ಬಗ್ಗೆ ಇನ್ನಷ್ಟು ಹೇಳಿ ಸರ್. ಹನ್ನೊಂದು ಮಕ್ಕಳು ಎಂದಿರಿ.

ಟ್ರಾಯ್ ನಿವಾಸಿ ಬರೆದದ್ದು:

ಅಬ್ಬಾ, ಅದೊಂದು ಪಾತ್ರ. ಮಗ ಹೈಸ್ಮನ್ ಗೆದ್ದರೂ, ಹತ್ತು ವರ್ಷ ಇಡೀ ದೇಶವನ್ನು ಕುಣಿಸಿದರೂ, ಜಗತ್ತಿನ ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರೆಂದು ಕೇಳಿದರೆ ಜಿಮ್ ಬ್ರೌನ್ ಎನ್ನುತ್ತಿದ್ದರು. ಮಗನ ಎದುರಿಗೇ. ಎರಡನೆಯವರು ಯಾರು ಎಂದರೆ ತಾನೇ ಎನ್ನುತ್ತಿದ್ದರು! ಮಗನಿಗೆ ಮೂರನೆಯ ಸ್ಥಾನ. 2004ರಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ ವೇದಿಕೆಯ ಮೇಲೆ ಮಗನನ್ನು ಪರಿಚಯಿಸಿದ್ದೂ ಅವರೇ. ಟಚ್‌ಡೌನ್ ಮಾಡಿದ ಮೇಲೆ ಬ್ಯಾರಿ ಕುಣಿಯುತ್ತಿರಲಿಲ್ಲ, ಚೆಂಡನ್ನು ನೆಲಕ್ಕೆ ಬಡಿಯುತ್ತಿರಲಿಲ್ಲ, ಅಂಪೈರ್ ಕೈಗೆ ಕೊಟ್ಟು ಬೆಂಚಿಗೆ ಹೋಗುತ್ತಿದ್ದ. ಇಂಥ ತಂದೆಯ ಮಗ ಕುಣಿದಾನೆಯೇ?

ಈ ಜಿಮ್ ಬ್ರೌನ್ ವಿಷಯದಲ್ಲಿ ಒಂದು ವಿಚಿತ್ರ ಇದೆ. ಅವರೂ ಆಟದ ಶಿಖರದಲ್ಲಿ ಇದ್ದಾಗಲೇ ಬಿಟ್ಟವರು. 1966ರ ಜುಲೈ ತಿಂಗಳು, ವಯಸ್ಸು 30, ಚಲನಚಿತ್ರದ ಚಿತ್ರೀಕರಣಕ್ಕೆಂದು ಲಂಡನ್‌ನಲ್ಲಿದ್ದರು. ಮೂವತ್ತಮೂರು ವರ್ಷದ ನಂತರ ಇನ್ನೊಂದು ಜುಲೈನಲ್ಲಿ ಬ್ಯಾರಿ ಆಟ ಬಿಟ್ಟು ಹೋದದ್ದೂ ಲಂಡನ್‌ಗೆ. ನಾನು ಇದಕ್ಕೆ ಅರ್ಥ ಕಟ್ಟುವುದಿಲ್ಲ. ಆ ತಂದೆ ಮನೆಯಲ್ಲಿ ಒಮ್ಮೆ ನಕ್ಕಿರಬೇಕು ಎನಿಸುತ್ತದೆ, ಅಷ್ಟೇ.

ಒಗ್ಗರಣೆ ಬರೆದದ್ದು:

ಲಯನ್ಸ್ ತಂಡಕ್ಕೆ ಇದರಿಂದ ಬುದ್ಧಿ ಬಂತೇ?

ಟ್ರಾಯ್ ನಿವಾಸಿ ಬರೆದದ್ದು:

2016ರಲ್ಲಿ ಕ್ಯಾಲ್ವಿನ್ ಜಾನ್ಸನ್ ಎಂಬ, ಎಸೆದ ಚೆಂಡು ಹಿಡಿಯುವ ಅದ್ಭುತ ರಿಸೀವರ್ 30ಕ್ಕೆ ನಿವೃತ್ತನಾದ. ಅವನಿಂದಲೂ ಮುಂಗಡದ ಪಾಲು ವಸೂಲಿ ಮಾಡಿದರು. ಬಂದ ಬುದ್ಧಿ ಅಷ್ಟು. 1992ರ ಡಲ್ಲಾಸ್ ಗೆಲುವಿನ ನಂತರದ ಪ್ಲೇಆಫ್ ಗೆಲುವು ಬಂದದ್ದು 2024ರ ಜನವರಿಯಲ್ಲಿ, ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧ 24-23. ಮೂವತ್ತೆರಡು ವರ್ಷ. ನಾನು ಬಂದಾಗ ಬ್ರಹ್ಮಚಾರಿಯ ಹಾಗೆ ಇಡ್ಲಿ ಪ್ಯಾಕೆಟ್ ಬೇಯಿಸಿಕೊಳ್ಳುತ್ತಿದ್ದವನು, ಆ ರಾತ್ರಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದೆ. ಅದಕ್ಕೆ ನಾಲ್ಕು ತಿಂಗಳ ಮುಂಚೆ ಫೋರ್ಡ್ ಫೀಲ್ಡ್ ಮೈದಾನದ ಹೊರಗೆ ಬ್ಯಾರಿಯ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಅನಾವರಣಕ್ಕೆ ಅವನೂ ಬಂದಿದ್ದ. ಎಣ್ಣೆ ಒರೆಸುತ್ತಿದ್ದ ನನ್ನ ಸಹೋದ್ಯೋಗಿಯೂ ಹೋಗಿದ್ದ. ಹೊಸ ಅಂಗಿ ಕೊಂಡು.

ಮಧ್ಯಗೆರೆ ಬರೆದದ್ದು:

ಮೊದಲು ನೋಡಬೇಕಾದ ಓಟ ಒಂದನ್ನು ಹೇಳಿ ಸರ್. ಇವತ್ತು ಶಾಲೆಯ ಕಬಡ್ಡಿ ಹುಡುಗರಿಗೆ ತೋರಿಸಬೇಕೆಂದಿದ್ದೇನೆ.

ಟ್ರಾಯ್ ನಿವಾಸಿ ಬರೆದದ್ದು:

ಎಲ್ಲರೂ 1997ರಲ್ಲಿ ಟ್ಯಾಂಪಾ ವಿರುದ್ಧ ಒಂದೇ ಪಂದ್ಯದಲ್ಲಿ ಓಡಿದ ಎಂಬತ್ತು ಗಜಕ್ಕೂ ಕಡಿಮೆಯಿಲ್ಲದ ಎರಡು ಓಟಗಳನ್ನು ಹೇಳುತ್ತಾರೆ. ನನ್ನ ಆಯ್ಕೆ ಡಲ್ಲಾಸ್ ವಿರುದ್ಧದ 47 ಗಜ. ನಟ್ಟನಡುವೆ ಮೈಗಳ ಗುಂಪಿನೊಳಗೆ ಹೋಗಿ ಕಾಣೆಯಾಗುತ್ತಾನೆ. ಮುಗಿಯಿತು ಎಂದು ನೋಡುಗರು ನಿಟ್ಟುಸಿರು ಬಿಡುತ್ತಾರೆ. ಅವನು ಹೊರಬರುವ ಜಾಗವನ್ನು ಹುಡುಗರಿಗೆ ಮೊದಲೇ ತೋರಿಸಬೇಡಿ, ಅವರೇ ಹುಡುಕಲಿ.

ಮಧ್ಯಗೆರೆ ಬರೆದದ್ದು:

ತೋರಿಸಿದೆ. ಹದಿನಾಲ್ಕು ಹುಡುಗರು, ಒಂದು ಮೊಬೈಲ್. ಮೂರು ಬಾರಿ ಹಿಂದಕ್ಕೆ ಹಾಕಿಸಿದರು. ಒಬ್ಬ ಕೇಳಿದ: ಮೇಷ್ಟ್ರೇ, ಇವರು ಒಳಗೆ ಹೋದದ್ದು ಕಂಡಿತು, ಉಸಿರು ಯಾವಾಗ ತೆಗೆದುಕೊಂಡರು?

ಒಗ್ಗರಣೆ ಬರೆದದ್ದು:

ಹುಡುಗ ಒಳ್ಳೆಯ ರೈಡರ್ ಆಗುತ್ತಾನೆ. ಫ್ಯಾಕ್ಸ್ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಹಾಗೆಯೇ ಇದೆ.